ತೋಪು ಮಾರಿ ಡಿವಿಡೆಂಡ್ ತಿನ್ನಿ ಅನ್ನೋರಿಗೆ ಒಂದು ಮಾತು

ರಾಗಿ ಬಿತ್ತಿ ಇಪ್ಪತ್ತೆಂಟು ದಿನ ಆಯ್ತು. ನಿನ್ನೆ ಬೆಳಿಗ್ಗೆ ಕುಂಟೆ ಹಾಯಿಸಿದ್ವಿ, ಸಂಜೆಗೆ ಒಂದು ಹದ ಮಳೆ ಬಂತು. ಪೈರು ಕಣ್ಣಿಗೆ ತಂಪಾಗಿದೆ. ಹೊಲದ ಸುದ್ದಿ ಇವತ್ತಿಗೆ ಇಷ್ಟೇ. ಮನಸ್ಸು ಬೇರೆ ಕಡೆ ಇದೆ, ಅದನ್ನ ಬರೆದು ಮುಗಿಸಿದ್ರೇನೆ ರಾತ್ರಿ ನಿದ್ದೆ ಬರೋದು.

ಭಾನುವಾರ ನನ್ನ ತಂಗಿ ಮಗ ಬಂದಿದ್ದ. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ವಯಸ್ಸು 26. ತಂಗಿಗೆ ಶ್ರೀನಿವಾಸಪುರ ತಾಲ್ಲೂಕಲ್ಲಿ ಎರಡು ಎಕರೆ ಮಾವಿನ ತೋಪು, ಎಂಬತ್ತು ಮರ, ಹೆಚ್ಚುಕಮ್ಮಿ ಎಲ್ಲಾ ತೋತಾಪುರಿ. ರಸ್ತೆ ಪಕ್ಕ ಇರೋದ್ರಿಂದ ಯಾರೋ ಎಕರೆಗೆ 50 ಲಕ್ಷ ಅಂದಿದಾರೆ. ಇವನು ಹೋದ ತಿಂಗಳು ಕೋಲಾರದಲ್ಲಿ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ಮೀಟಿಂಗಿಗೆ ಹೋಗಿದ್ದನಂತೆ. ಅಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಪರದೆ ಮೇಲೆ ಲೆಕ್ಕ ತೋರಿಸಿದನಂತೆ.

"ಮಾವ, ಒಂದು ಕೋಟಿ ಡಿವಿಡೆಂಡ್‌ಗೆ ಹಾಕಿದ್ರೆ ತಿಂಗಳಿಗೆ 60 ಸಾವಿರ ಬರ್ತೈತೆ. ಕೂತ್ಕೊಂಡು ತಿನ್ನಬಹುದು. ಈ ತೋಪಿಂದ ಏನೈತೆ? ಈ ವರ್ಷ ಕಾಯಿ ಕಿತ್ತ ಕೂಲಿ ಹುಟ್ಟಲಿಲ್ಲ."

ಅವನ ಕೊನೇ ಮಾತು ಸುಳ್ಳಲ್ಲ. 2025ರ ಜೂನ್‌ನಲ್ಲಿ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಚಿತ್ತೂರು ಜಿಲ್ಲೆಯೋರು ನಮ್ಮ ತೋತಾಪುರಿ ಒಳಗೆ ಬಿಡಲ್ಲ ಅಂದ್ರು, ಲಾರಿ, ಟ್ರ್ಯಾಕ್ಟರ್ ಗಡಿಯಲ್ಲಿ ನಿಂತವು, ಶ್ರೀನಿವಾಸಪುರ ಬಂದ್ ಆಯ್ತು. ಆಮೇಲೆ ಕೇಂದ್ರದೋರು 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ಕೊಡೋಕೆ ಒಪ್ಪಿದ್ರು. ಅಷ್ಟೊತ್ತಿಗೆ ಎಷ್ಟೋ ಜನ ಕಾಯಿ ರಸ್ತೆಗೆ ಸುರಿದಾಗಿತ್ತು. ತಂಗಿ ಮನೇಲಿ ಮಗಳ ಮದುವೆ ಸಾಲ 4 ಲಕ್ಷ ಇದೆ, ನೂರಕ್ಕೆ ಎರಡು ರೂಪಾಯಿ ಬಡ್ಡಿ. ಅಂಥ ಮನೆಗೆ ತಿಂಗಳಿಗೆ 60 ಸಾವಿರ ಅನ್ನೋ ಮಾತು ಬಂದ್ರೆ ಕಿವಿ ನೆಟ್ಟಗಾಗ್ದೆ ಇರುತ್ತಾ? ಹುಡುಗನನ್ನ ನಾನು ಬೈಯಲ್ಲ. ಅವನ ಕಿವಿಗೆ ಊದಿದೋರನ್ನ ಬೈತೀನಿ.

ಮೊದಲು ಲೆಕ್ಕ ನೋಡೋಣ. ನಾನು ಎಸ್‌ಎಸ್‌ಎಲ್‌ಸಿ ಪಾಸು, ಅಷ್ಟು ಲೆಕ್ಕ ಬರುತ್ತೆ.

ತಿಂಗಳಿಗೆ 60 ಸಾವಿರ ಅಂದ್ರೆ ವರ್ಷಕ್ಕೆ 7.20 ಲಕ್ಷ. ಒಂದು ಕೋಟಿಗೆ ಶೇ 7.2. ದೇಶದ ದೊಡ್ಡ ಐವತ್ತು ಕಂಪನಿ ಸೇರಿಸಿದ ನಿಫ್ಟಿ 50 ಇದೆಯಲ್ಲ, ಅದರಲ್ಲಿ ನೂರು ರೂಪಾಯಿಗೆ ವರ್ಷಕ್ಕೆ ಬರೋ ಡಿವಿಡೆಂಡ್ ಒಂದೂವರೆ ರೂಪಾಯಿಗಿಂತ ಕಮ್ಮಿ. ಒಂದು ಕೋಟಿ ಹಾಕಿದ್ರೆ ತಿಂಗಳಿಗೆ ಹನ್ನೊಂದು ಹನ್ನೆರಡು ಸಾವಿರ. ಚೆನ್ನಾಗಿ ಡಿವಿಡೆಂಡ್ ಕೊಡೋ ಕಂಪನಿ ಅಂತ ಹೆಸರಾಗಿರೋ ಐಟಿಸಿ 2024-25ರಲ್ಲಿ ಒಂದು ಷೇರಿಗೆ 14.35 ರೂಪಾಯಿ ಕೊಡ್ತು, ಷೇರಿನ ಬೆಲೆ ನಾನೂರರ ಆಜುಬಾಜು. ಶೇ 3.5. ಅದೊಂದರಲ್ಲೇ ಒಂದು ಕೋಟಿ ಸುರಿದ್ರೂ ತಿಂಗಳಿಗೆ 29 ಸಾವಿರ. 60 ಎಲ್ಲಿ, 29 ಎಲ್ಲಿ?

ಅದಕ್ಕಿಂತ ಹೆಚ್ಚು ಕೊಡೋ ಕಂಪನಿ ಇಲ್ವಾ ಅಂದ್ರೆ ಇವೆ. ವೇದಾಂತ ಕಂಪನಿ 2022-23ರಲ್ಲಿ ಒಂದು ಷೇರಿಗೆ 101.50 ರೂಪಾಯಿ ಹಂಚಿತು. ಆ ವರ್ಷ ನೋಡಿದೋನು ಇದೇ ಕಾಮಧೇನು ಅಂತಿದ್ದ. ಮಾರನೇ ವರ್ಷ ಅದೇ ಕಂಪನಿ ಕೊಟ್ಟಿದ್ದು 29.50. ಕಂಪನಿ ಮೋಸ ಮಾಡ್ತು ಅಂತ ನಾನು ಹೇಳ್ತಿಲ್ಲ. ಡಿವಿಡೆಂಡ್ ಅನ್ನೋದು ಸಂಬಳ ಅಲ್ಲ, ಕೊಡಲೇಬೇಕು ಅಂತ ಯಾವ ಕಾನೂನೂ ಇಲ್ಲ. 2020ರ ಏಪ್ರಿಲ್‌ನಲ್ಲಿ ಕೊರೊನಾ ಬಂದಾಗ ರಿಸರ್ವ್ ಬ್ಯಾಂಕೇ ಎಲ್ಲಾ ಬ್ಯಾಂಕುಗಳಿಗೂ ಆ ವರ್ಷದ ಡಿವಿಡೆಂಡ್ ಕೊಡಬೇಡಿ ಅಂತ ಆದೇಶ ಮಾಡ್ತು. ಬ್ಯಾಂಕ್ ಷೇರಿನ ಡಿವಿಡೆಂಡಲ್ಲೇ ಒಲೆ ಹೊತ್ತಿಸ್ತಿದ್ದೋನು ಆ ವರ್ಷ ಏನು ತಿಂದ?

ನೂರಕ್ಕೆ ಏಳು ಎಂಟು ಬೇಕೇ ಬೇಕು ಅಂದ್ರೆ ಅಂಚೆ ಕಚೇರಿಗೆ ಹೋಗಿ. 60 ವರ್ಷ ತುಂಬಿದೋರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಶೇ 8.2 ಬಡ್ಡಿ ಇದೆ. ಅದನ್ನ ಕಲ್ಯಾಣ ಮಂಟಪದಲ್ಲಿ ಯಾರೂ ಹೇಳಲ್ಲ, ಯಾಕಂದ್ರೆ ಅದರಲ್ಲಿ ಆ ಟೈ ಹುಡುಗನಿಗೆ ಏನೂ ಸಿಗಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. 'ಲಾಭದಲ್ಲಿ ಪಾಲು' ಅನ್ನೋ ಮಾತನ್ನ ಯಾರು ಬೇಕಾದ್ರೂ ಆಡಬಹುದು. ಬೆಂಗಳೂರಿನ ಐಎಂಎ ಮರೆತುಬಿಟ್ರಾ? ಪಾಲುದಾರರು ಅಂತ ಸೇರಿಸಿಕೊಂಡು ತಿಂಗಳು ತಿಂಗಳು ಲಾಭ ಅಂತ ಕೊಡ್ತಿದ್ರು. 2019ರ ಜೂನ್‌ನಲ್ಲಿ ಮಾಲೀಕ ದೇಶ ಬಿಟ್ಟ. ಸಾವಿರಾರು ಕೋಟಿ, ಸಾವಿರಾರು ಮನೆ. ಹೊಸಬರು ತಂದ ದುಡ್ಡನ್ನೇ ಹಳಬರಿಗೆ ಕೊಡೋದು ಲಾಭ ಅಲ್ಲ. ಬಾವಿ ನೀರನ್ನ ಬಿಂದಿಗೆಗೆ ತುಂಬಿ ಮತ್ತೆ ಬಾವಿಗೇ ಸುರಿದು ಊಟೆ ಉಕ್ತಿದೆ ಅನ್ನೋ ಹಾಗೆ ಅದು.

ನಾನೇನು ಬುದ್ಧಿವಂತ ಅಲ್ಲ, ನಾನೂ ಏಮಾರಿದೀನಿ. 2017ರಲ್ಲಿ ಒಬ್ಬ ಏಜೆಂಟ್ ಮನೆಗೇ ಬಂದು, ಮ್ಯೂಚುವಲ್ ಫಂಡಲ್ಲಿ ಒಂದು ಲಕ್ಷಕ್ಕೆ ತಿಂಗಳಿಗೆ ಒಂದು ಸಾವಿರ ಡಿವಿಡೆಂಡ್ ಅಂದ. ಹಾಕಿದೆ. ಒಂದು ವರ್ಷ ಬಂತು. ಆಮೇಲೆ 700, ಆಮೇಲೆ 500. ಎರಡು ವರ್ಷ ಆದ್ಮೇಲೆ ಲೆಕ್ಕ ತೆಗೆಸಿದ್ರೆ ನನ್ನ ಒಂದು ಲಕ್ಷ 84 ಸಾವಿರ ಆಗಿತ್ತು. ಕೇಳಿದ್ರೆ "ಬಂದಿದೆಯಲ್ಲ ಸಾರ್ ತಿಂಗಳು ತಿಂಗಳು" ಅಂದ. ನನ್ನ ದುಡ್ಡನ್ನೇ ಕಿತ್ತು ನನಗೇ ಕೊಟ್ಟಿದ್ರು. ಫಂಡಿನ ಡಿವಿಡೆಂಡ್ ಅನ್ನೋದು ಫಂಡಿನ ಬೆಲೆಯೊಳಗಿಂದಲೇ ಬರೋದು, ಹೊರಗಿಂದ ಅಲ್ಲ. 2021ರ ಏಪ್ರಿಲ್‌ನಿಂದ ಸೆಬಿ ಆ ಹೆಸರನ್ನೇ ತೆಗೆಸಿಹಾಕಿತು. ಈಗ ಅದರ ಹೆಸರು ಐಡಿಸಿಡಬ್ಲ್ಯೂ, ಅಂದ್ರೆ ಆದಾಯ ಹಂಚಿಕೆ ಮತ್ತು ಬಂಡವಾಳ ವಾಪಸಾತಿ. ಬಂಡವಾಳ ವಾಪಸಾತಿ ಅಂತ ಹೆಸರಲ್ಲೇ ಇದೆ. ಈಗಲೂ ಅದನ್ನ 'ಮಂತ್ಲಿ ಡಿವಿಡೆಂಡ್' ಅಂತ ಮಾರೋರಿದಾರೆ.

ಕಂಪನಿ ಷೇರಲ್ಲೂ ಇದೇ ನಿಯಮ. ಎಕ್ಸ್-ಡಿವಿಡೆಂಡ್ ದಿನ ಷೇರಿನ ಬೆಲೆ ಹೆಚ್ಚುಕಮ್ಮಿ ಅಷ್ಟು ಇಳಿಯುತ್ತೆ. ಇದರಲ್ಲಿ ಮರ್ಮ ಏನಿಲ್ಲ. ಕಾಯಿ ತುಂಬಿದ ತೋಪಿನ ಬೆಲೆ ಬೇರೆ, ಕಾಯಿ ಕಿತ್ತ ಮೇಲೆ ಅದೇ ತೋಪಿನ ಬೆಲೆ ಬೇರೆ. ಮುಂದಿನ ವರ್ಷ ಮತ್ತೆ ಹೂ ಬಿಡುತ್ತಾ ಅನ್ನೋದೇ ಪ್ರಶ್ನೆ. ಹೂ ಬಿಡೋ ಶಕ್ತಿ ಇರೋ ಮರ ಯಾವುದು ಅಂತ ನೋಡಬೇಕೇ ಹೊರತು, ಈ ವರ್ಷ ಎಷ್ಟು ಕಾಯಿ ಉದುರಿತು ಅಂತ ಅಲ್ಲ.

ಇದನ್ನ ಕೋಲಾರದೋರಿಗೆ ಬೇರೆ ಊರಿನೋರು ಬಂದು ಹೇಳಬೇಕಾ? ಡಿವಿಡೆಂಡ್ ಅನ್ನೋ ಪದ ನಮ್ಮ ಜಿಲ್ಲೆಗೆ 140 ವರ್ಷ ಹಳೇದು. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಲಂಡನ್ ಕಂಪನಿ ಕೆಜಿಎಫ್ ಗಣಿ ನಡೆಸಿತು. ಮೈಸೂರು ಗಣಿ, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಎಲ್ಲದರ ಷೇರುದಾರರೂ ಹೆಚ್ಚಿಗೆ ಅಲ್ಲಿನೋರೇ. ಮೂರು ಕಿಲೋಮೀಟರ್ ಆಳಕ್ಕೆ ಇಳಿದು ಬಂಡೆ ಒಡೆದೋರಿಗೆ ಕೂಲಿ, ಕೋಲಾರ ಯಾವ ದಿಕ್ಕಿಗಿದೆ ಅಂತ ಗೊತ್ತಿಲ್ದೋರಿಗೆ ಡಿವಿಡೆಂಡ್. 1956ರಲ್ಲಿ ಸರ್ಕಾರ ಗಣಿ ವಹಿಸಿಕೊಂಡಿತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ನಮಗೆ ಉಳಿದಿದ್ದು ಸೈನೈಡ್ ಗುಡ್ಡ.

ಇದರಿಂದ ನಾನು ಎರಡು ಪಾಠ ಕಲಿತೆ. ಒಂದು, ಅದಿರು ಮುಗಿದ್ರೆ ಎಂಥ ಡಿವಿಡೆಂಡೂ ಮುಗಿಯುತ್ತೆ. ಎಷ್ಟು ಕೊಡ್ತಿದೆ ಅಂತ ಕೇಳೋಕೆ ಮೊದಲು ಎಲ್ಲಿಂದ ಕೊಡ್ತಿದೆ, ಎಷ್ಟು ದಿನ ಕೊಡಬಲ್ಲದು ಅಂತ ಕೇಳಬೇಕು. ಎರಡು, ಕೂಲಿಗಷ್ಟೇ ಉಳಿದೋರಿಗೆ ಕೊನೆಗೆ ಉಳಿಯೋದು ಮಣ್ಣಿನ ಗುಡ್ಡ. ಮಾಲೂರು, ನರಸಾಪುರ, ವೇಮಗಲ್‌ನಲ್ಲಿ ಕಾರ್ಖಾನೆಗೆ ಭೂಮಿ ಕೊಟ್ಟೋರು ನಾವು, ಅಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಬಸ್ ಹತ್ತೋರು ನಮ್ಮ ಮಕ್ಕಳು. ಲಾಭದ ಪಾಲು ಮಾತ್ರ ಎಲ್ಲೋ ಹೋಗುತ್ತೆ. ಹಾಗಾಗಿ ರೈತನ ಮಕ್ಕಳು ಷೇರು ಕೊಳ್ಳಬಾರದು ಅಂತ ನಾನು ಯಾವತ್ತೂ ಹೇಳಲ್ಲ. ಕೊಳ್ಳಬೇಕು ಅಂತಲೇ ಹೇಳೋದು.

ಈಗ ಇನ್ನೊಂದು ಕಡೆಯೋರ ಹತ್ರ ಮಾತಾಡ್ತೀನಿ. ಅರಳಿಕಟ್ಟೆ ಮೇಲೆ ಕೂತು "ಷೇರು ಅಂದ್ರೆ ಜೂಜು ಕಣಯ್ಯಾ" ಅನ್ನೋ ನಮ್ಮ ಹಿರಿಯರು. ಅಣ್ಣಂದಿರಾ, ಜೂಜು ಯಾವುದು? ತೆಂಗಿನಕಾಯಿ ಅಂಗೈ ಮೇಲೆ ನಿಲ್ಲಿಸ್ಕೊಂಡು ಪಾಯಿಂಟ್ ತೋರಿಸಿದ ಜಾಗದಲ್ಲಿ 1,400 ಅಡಿ ಕೊರೆಸೋದು ಏನು? ನಾನು ನಾಲ್ಕು ಕೊರೆಸಿದೀನಿ, ಮೂರು ಬರೀ ದೂಳು. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಟೊಮೇಟೊ ಬಾಕ್ಸ್ 2 ಸಾವಿರ ದಾಟಿದ್ದು ನೋಡಿ, ಮಾರನೇ ತಿಂಗಳೇ ಸಾಲ ಮಾಡಿ ನಾಲ್ಕು ಎಕರೆಗೆ ನಾರು ನಾಟಿದೋರು ಜೂಜಾಡಲಿಲ್ವಾ? ಬೆಲೆ ಬಿದ್ದಾಗ ಬಾಕ್ಸಿನ ಬಾಡಿಗೆ ಕೂಡ ಗೀಟದೆ ಹೊಲದಲ್ಲೇ ಬಿಟ್ಟೋರು ಎಷ್ಟು ಜನ?

ಮತ್ತೆ ನೀವೆಲ್ಲ ಆಗ್ಲೇ ಷೇರುದಾರರೇ. ಸೊಸೈಟಿಯಲ್ಲಿ ಬೆಳೆ ಸಾಲ ತಗೊಂಡಾಗ ಷೇರು ಹಣ ಅಂತ ಹಿಡಕೊಂಡ್ರಲ್ಲ, ಅದರ ಡಿವಿಡೆಂಡ್ ಯಾವತ್ತಾದ್ರೂ ಕೇಳಿದೀರಾ? ಹಾಲಿನ ಡೈರಿಯಲ್ಲಿ ವರ್ಷಕ್ಕೊಂದು ಸಲ ಬೋನಸ್ ಹಂಚ್ತಾರೆ. ನೀವು ಹಾಕಿದ ಹಾಲಿಗೆ ಬರೋದು ಬೋನಸ್, ನಿಮ್ಮ ಷೇರಿಗೆ ಬರೋದು ಡಿವಿಡೆಂಡ್. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲದೆ ಸರ್ವ ಸದಸ್ಯರ ಸಭೆಯಲ್ಲಿ ಊಟ ಮಾಡಿ ಎದ್ದು ಬರ್ತೀವಿ. ನಾವು ಲೆಕ್ಕ ಕೇಳದೆ ಇರೋದ್ರಿಂದಲೇ ಕಲ್ಯಾಣ ಮಂಟಪದೋರಿಗೆ ನಮ್ಮ ಊರು ಸಲೀಸು.

ಸರಿ, ಹಾಗಾದ್ರೆ ರೈತನಿಗೆ ಡಿವಿಡೆಂಡ್ ಯಾತಕ್ಕೆ? ನನ್ನ ಅನುಭವ ಹೇಳ್ತೀನಿ.

ಏಮಾರಿದ ಮೇಲೆ ಮಗಳು ಡಿಮ್ಯಾಟ್ ಖಾತೆ ತೆಗೆಸಿಕೊಟ್ಳು. ಹಾಲಿನ ಬಟವಾಡೆಯಲ್ಲಿ ತಿಂಗಳಿಗೆ ಎರಡು ಮೂರು ಸಾವಿರ, 2023ರಲ್ಲಿ ಟೊಮೇಟೊ ಕೈ ಹಿಡಿದಾಗ ಒಟ್ಟಿಗೆ ಎರಡು ಲಕ್ಷ, ಹೀಗೆ ಹಾಕ್ತಾ ಬಂದೆ. ಬೇರೆ ಬೇರೆ ಕಸುಬಿನ ಎಂಟು ಹತ್ತು ಕಂಪನಿ, ಯಾವುದರಲ್ಲೂ ಅತಿ ಇಲ್ಲ. ಹೋದ ವರ್ಷ ಬಂದ ಡಿವಿಡೆಂಡ್ 18,400 ರೂಪಾಯಿ, ಅದರ ಹಿಂದಿನ ವರ್ಷ 16,200. ನಗಬೇಡಿ. ಆ ದುಡ್ಡು ಬೇರೆ ಬ್ಯಾಂಕ್ ಖಾತೆಗೆ ಬೀಳುತ್ತೆ, ಅದರ ಎಟಿಎಂ ಕಾರ್ಡನ್ನ ನಮ್ಮ ಮನೆಯೋಳು ಅಕ್ಕಿ ಡಬ್ಬದಲ್ಲಿ ಇಟ್ಟಿದಾಳೆ.

ಈ ವರ್ಷ ಮಾರ್ಚ್‌ನಲ್ಲಿ ಬೋರಿನ ಮೋಟಾರ್ ಸುಟ್ಟೋಯ್ತು. ಟೊಮೇಟೊಗೆ ನಲವತ್ತು ದಿನ, ನಾಲ್ಕು ದಿನ ನೀರಿಲ್ಲ ಅಂದ್ರೆ ಕಥೆ ಮುಗೀತು. ಪೈಪು ಎತ್ತಿ ಇಳಿಸೋಕೆ, ಕಾಯಿಲ್ ಸುತ್ತಿಸೋಕೆ ಸೇರಿ 31 ಸಾವಿರ. ಹಳೇ ಕಾಲ ಆಗಿದ್ರೆ ಮೂರು ರೂಪಾಯಿ ಬಡ್ಡಿಗೆ ಓಡ್ತಿದ್ದೆ, ಇಲ್ಲ ಕರು ಹಾಕೋ ಹಸು ಸಂತೆಗೆ ಹೊಡೀತಿದ್ದೆ. ಮ್ಯೂಚುವಲ್ ಫಂಡ್ ಮಾರೋಣ ಅಂದ್ರೆ ಆಗ ಮಾರುಕಟ್ಟೆ ಬಿದ್ದಿತ್ತು, 2024ರ ಸೆಪ್ಟೆಂಬರ್‌ನಲ್ಲಿ 26 ಸಾವಿರ ದಾಟಿದ್ದ ನಿಫ್ಟಿ 22 ಸಾವಿರದ ಸುತ್ತ ಬಂದಿತ್ತು. ಎರಡು ವರ್ಷದ ಡಿವಿಡೆಂಡ್ 34,600 ಅಕ್ಕಿ ಡಬ್ಬದ ಖಾತೆಯಲ್ಲಿತ್ತು. ಮೂರನೇ ದಿನಕ್ಕೆ ನೀರು ಬಂತು. ಸಾಲ ಇಲ್ಲ, ಹಸು ಕೊಟ್ಟಿಗೆಯಲ್ಲೇ ಇದೆ, ಫಂಡ್ ಮುಟ್ಟಲಿಲ್ಲ.

ನಾನು ಹೇಳಬೇಕು ಅಂತಿರೋದು ಇದೊಂದೇ. ಸಣ್ಣ ರೈತನಿಗೆ ಡಿವಿಡೆಂಡ್ ಇರೋದು ಕೂತು ತಿನ್ನೋಕಲ್ಲ. ಕೆಟ್ಟ ವರ್ಷದಲ್ಲಿ ಭೂಮಿನೋ, ಹಸುನೋ, ಷೇರನ್ನೋ ಮಾರದೆ ಇರೋಕೆ. ಮಾರದೆ ಇರೋದಕ್ಕೆ ಹುಟ್ಟಿದ ದುಡ್ಡನ್ನ ತಗೊಳ್ಳೋಕೆ ಭೂಮಿ ಮಾರು ಅನ್ನೋನು ಕೊಡಲಿಗೆ ಕಾವು ಬೇಕು ಅಂತ ಫಲ ಕೊಡೋ ಮರ ಕಡಿಯೋನು.

ಇನ್ನು ವಯಸ್ಸಾದ ಮೇಲೆ ಏನು ಗತಿ ಅನ್ನೋ ಮಾತು. ನೌಕರಿಯೋರಿಗೆ ಪಿಎಫ್ ಇದೆ. ನಮಗೆ ಸರ್ಕಾರ 2015ರಲ್ಲಿ ಅಟಲ್ ಪಿಂಚಣಿ ತಂತು, 2019ರಲ್ಲಿ ಕಿಸಾನ್ ಮಾನ್‌ಧನ್ ತಂತು, 60 ಆದ್ಮೇಲೆ ತಿಂಗಳಿಗೆ 3,000. ಎರಡಕ್ಕೂ ಸೇರೋ ವಯಸ್ಸು 18ರಿಂದ 40. ನನ್ನ ವಾರಗೆಯೋರೆಲ್ಲ ಹೊರಗೆ. ನಲವತ್ತು ದಾಟಿದ ರೈತನಿಗೆ ಮುಪ್ಪು ಬರಲ್ವಾ? ಈ ಪ್ರಶ್ನೆಯನ್ನ ಯಾವ ಪಕ್ಷದೋರೂ ವೇದಿಕೆ ಮೇಲೆ ಎತ್ತಿದ್ದು ನಾನು ಕೇಳಿಲ್ಲ.

ಹಾಗಂತ ಕೈಕಟ್ಟಿ ಕೂರಬೇಡಿ. ಅಂಚೆ ಕಚೇರಿಯ ಪಿಪಿಎಫ್‌ಗೆ ವಯಸ್ಸಿನ ಕಟ್ಟಿಲ್ಲ. 15 ವರ್ಷ, ಶೇ 7.1, ತೆರಿಗೆ ಇಲ್ಲ. ವರ್ಷಕ್ಕೆ 500 ಕಟ್ಟಿದ್ರೂ ಖಾತೆ ಜೀವಂತ, ಒಳ್ಳೇ ವರ್ಷದಲ್ಲಿ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಒಂದು ವರ್ಷ ಬೆಳೆ, ಒಂದು ವರ್ಷ ಬರ ಅನ್ನೋ ನಮ್ಮ ಬದುಕಿಗೆ ಇದು ಹೊಂದುತ್ತೆ. ಸಾಲಗಾರ ಕೋರ್ಟಿಗೆ ಹೋದ್ರೂ ಆ ದುಡ್ಡನ್ನ ಜಪ್ತಿ ಮಾಡೋ ಹಾಗಿಲ್ಲ. ನಮ್ಮ ಅಜ್ಜಂದಿರು ಹಗೇವಿನಲ್ಲಿ ರಾಗಿ ಮುಚ್ಚಿಡ್ತಿದ್ರಲ್ಲ, ಅದೇ ಇದು. ಎನ್‌ಪಿಎಸ್ ಖಾತೆಗೂ 70 ವರ್ಷದವರೆಗೆ ಸೇರಬಹುದು.

ನಾನು ಇಟ್ಕೊಂಡಿರೋ ಸಾಲು ಹೀಗಿದೆ. ಮೊದಲು ಬಡ್ಡಿ ಸಾಲ ತೀರಬೇಕು. ಮೂರು ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ ಶೇ 36, ಅದನ್ನ ಮೀರಿಸೋ ಡಿವಿಡೆಂಡ್ ಭೂಮಿ ಮೇಲಿಲ್ಲ. ಎರಡನೇದು, ಆರು ತಿಂಗಳ ಮನೆ ಖರ್ಚು ಕೈಗೆ ಸಿಗೋ ಹಾಗೆ. ಮೂರನೇದು ಪಿಪಿಎಫ್, ಮುಪ್ಪಿಗೆ. ನಾಲ್ಕನೇದು ನಿಫ್ಟಿ ಇಂಡೆಕ್ಸ್ ಫಂಡಿನ ಎಸ್‌ಐಪಿ, ಇದು ನೆಟ್ಟು ಮರೆತುಬಿಡೋ ಮಾವಿನ ಸಸಿ, ಹತ್ತು ವರ್ಷ ಕೈ ಹಾಕಬಾರದು. ಐದನೇದು ಡಿವಿಡೆಂಡ್ ಷೇರು, ಮೇಲಿನ ನಾಲ್ಕಕ್ಕೂ ಬೇಲಿ. ಬೇಲಿಯೇ ತೋಟ ಆಗಬಾರದು. ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿ ಇಲ್ಲದ ಸಾಲ ಸಿಗುತ್ತೆ ಅಂತ ಅದನ್ನ ತಂದು ಷೇರಿಗೆ ಹಾಕೋ ಮಹಾನುಭಾವರೂ ಇದಾರೆ, ಆ ಕೆಲಸ ಮಾಡಬೇಡಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ರೆ 2020ರಿಂದ ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರುತ್ತೆ. ಒಂದೇ ಕಂಪನಿಯಿಂದ ವರ್ಷಕ್ಕೆ 10 ಸಾವಿರ ದಾಟಿದ್ರೆ ಟಿಡಿಎಸ್ ಹಿಡೀತಾರೆ. ತೆರಿಗೆ ಕಟ್ಟೋ ಅಷ್ಟು ಆದಾಯ ಇಲ್ದೋರು ರಿಟರ್ನ್ ಹಾಕಿ ವಾಪಸ್ ತಗೋಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಅಳಿಯನ್ನ ಒಂದು ಮಾತು ಕೇಳಿದೆ. "ನಿನ್ನ ಸಂಬಳದಲ್ಲಿ ಪಿಎಫ್ ಹಿಡೀತಾರಲ್ಲ, ಎಷ್ಟಾಗೈತೆ?"

"ಗೊತ್ತಿಲ್ಲ ಮಾವ. ಹೋದ ಕಂಪನಿ ಬಿಟ್ಟಾಗ ತೆಗೆದು ಬೈಕಿಗೆ ಹಾಕ್ದೆ."

ವರ್ಷಕ್ಕೆ ಶೇ 8.25 ಬಡ್ಡಿ ಬರೋ ತನ್ನ ಸ್ವಂತ ದುಡ್ಡನ್ನ ಬೈಕ್ ಮಾಡಿದೋನು ತಾಯಿಯ ತೋಪಿನ ಮೇಲೆ ಕೋಟಿ ಲೆಕ್ಕ ಹಾಕ್ತಾ ಇದಾನೆ. ಅವನೂ ನಕ್ಕ, ನಾನೂ ನಕ್ಕೆ. ಆದ್ರೆ ತಂಗಿ ಫೋನಲ್ಲಿ ನಗಲಿಲ್ಲ. "ಅಣ್ಣ, ಬಡ್ಡಿ ಕಟ್ಟೋಕಾಗ್ತಿಲ್ಲ. ನೀನು ಬೇಡ ಅಂತೀಯ, ಮತ್ತೆ ನಾನೇನು ಮಾಡ್ಲಿ?" ಅಂದ್ಳು.

ಅವಳ ಪ್ರಶ್ನೆಗೆ ಉತ್ತರ ಕೊಡದೆ ಹೋದ್ರೆ ನಾನು ಇಷ್ಟು ಬರೆದಿದ್ದು ದಂಡ. ತಿಂಗಳಿಗೆ 8 ಸಾವಿರ ಬಡ್ಡಿ ಆ ತೋಪು ಹೊರಲಾರದು. ಮಾರಲೇಬೇಕು ಅಂದ್ರೆ ರಸ್ತೆ ಅಂಚಿನ ಹತ್ತು ಗುಂಟೆ ಮಾರಲಿ. ಅವರು ಹೇಳೋ ಬೆಲೆಗೇ ಹನ್ನೆರಡೂವರೆ ಲಕ್ಷ ಆಗುತ್ತೆ. ನಾಲ್ಕು ಲಕ್ಷ ಸಾಲ ಅವತ್ತೇ ತೀರಲಿ. ಉಳಿದದ್ದು ಅವಳ ಹೆಸರಲ್ಲಿ, ಅಂಚೆ ಕಚೇರಿಯಲ್ಲಿ ಒಂದಿಷ್ಟು, ಪಿಪಿಎಫ್‌ಗೆ ವರ್ಷ ವರ್ಷ ಒಂದಿಷ್ಟು, ಒಂದು ಲಕ್ಷ ಒಳ್ಳೇ ಷೇರಿಗೆ ನಿಧಾನಕ್ಕೆ. ಎಪ್ಪತ್ತು ಮರ ಉಳಿಯುತ್ತೆ. ಅದರಲ್ಲಿ ಇಪ್ಪತ್ತು ತೋತಾಪುರಿ ಸವರಿ ಬಾದಾಮಿ ಕಸಿ ಕಟ್ಟಿಸೋಣ, ಒಂದೇ ಜಾತಿ ನಂಬಿ ಕೂತಿದ್ದಕ್ಕೇ ಈ ಗತಿ ಬಂದಿದ್ದು. 2020ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದಿದ ಮೇಲೆ ದುಡ್ಡಿರೋರು ಯಾರು ಬೇಕಾದ್ರೂ ನಮ್ಮ ಭೂಮಿ ಕೊಳ್ಳಬಹುದು. ಮಾರಿದ ಎರಡು ಎಕರೆಯನ್ನ ನಾವು ತಿರುಗಿ ಕೊಳ್ಳೋಕೆ ಈ ಜನ್ಮದಲ್ಲಿ ಆಗಲ್ಲ.

ಶುಕ್ರವಾರ ಶ್ರೀನಿವಾಸಪುರಕ್ಕೆ ಹೋಗ್ತಿದೀನಿ. ಜೊತೆಗೆ ಅಕ್ಕಿ ಡಬ್ಬದ ಖಾತೆಯ ಪಾಸ್‌ಬುಕ್ ತಗೊಂಡು ಹೋಗ್ತೀನಿ, ಭಾವನಿಗೆ ತೋರಿಸೋಕೆ. ಅವಳು ಒಪ್ತಾಳೋ ಇಲ್ವೋ ಗೊತ್ತಿಲ್ಲ. ತೋಪು ಅವಳದ್ದು, ತೀರ್ಮಾನವೂ ಅವಳದ್ದೇ.

ನಿಮ್ಮೂರಲ್ಲೂ ಇಂಥ ಮೀಟಿಂಗ್ ನಡೆದ್ರೆ ಊಟ ಮಾಡ್ಕೊಂಡು ಬನ್ನಿ, ತಪ್ಪಿಲ್ಲ. ಪಹಣಿ ಮಾತ್ರ ಮನೇಲೇ ಇಟ್ಟು ಹೋಗಿ. ಹಾಗೇ ಒಂದು ಪ್ರಶ್ನೆ ಕೇಳಿ: "ಸಾರ್, ಈ ದುಡ್ಡು ಎಲ್ಲಿಂದ ಬರ್ತೈತೆ?" ಅದಕ್ಕೆ ನೇರವಾಗಿ ಉತ್ತರ ಸಿಕ್ಕಿದ್ರೆ ನನಗೂ ತಿಳಿಸಿ, ಇಲ್ಲೇ ಬರೀತೀನಿ.

ನಾಳೆ ರಾಗಿಗೆ ಎರಡನೇ ಕುಂಟೆ. ಮಳೆ ಬಿಟ್ರೆ.